ಗಡಿನಾಡಿನ ವಾಚನಾಲಯದ ಪುಸ್ತಕಪಟ್ಟಿಗೆ ಹುಡುಕಾಟ ಕಟ್ಟಿದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮೂರಿನ ವಾಚನಾಲಯದಲ್ಲಿ ಕನ್ನಡ, ಮಲಯಾಳ, ತುಳು ಈ ಮೂರೂ ಭಾಷೆಗಳ ಪುಸ್ತಕಗಳಿವೆ. ಕನ್ನಡ ವಿಭಾಗದ ಪಟ್ಟಿಯ ಒಂದು ಭಾಗ ಕೈಬರಹದ ರಿಜಿಸ್ಟರಿನಲ್ಲಿದೆ. ಇನ್ನೊಂದು ಭಾಗವನ್ನು ಹಿಂದೆ ಡಿಟಿಪಿ ಕೆಲಸ ಮಾಡುತ್ತಿದ್ದ ಸದಸ್ಯರೊಬ್ಬರು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ (ಫಾಂಟ್) ಟೈಪು ಮಾಡಿಟ್ಟಿದ್ದಾರೆ. ಈಚೆಗೆ ಬಂದ ಪುಸ್ತಕಗಳ ಹೆಸರುಗಳನ್ನು ಬೇರೆಬೇರೆಯವರು ತಮ್ಮ ಮೊಬೈಲಿನಲ್ಲಿ, ಒಂದೊಂದು ಅಕ್ಷರಕ್ಕೂ ಗುರುತಿಗೂ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಬರೆದು ಕಳುಹಿಸಿದ್ದಾರೆ. ಇವೆಲ್ಲವನ್ನೂ ಒಂದೇ ಪಟ್ಟಿಯಾಗಿಸಿ, ಓದುಗರು ತಮ್ಮ ಮೊಬೈಲಿನಲ್ಲಿ ಹೆಸರು ಬರೆದರೆ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ತೋರಿಸುವ ಸಣ್ಣದೊಂದು ತಂತ್ರಾಂಶವನ್ನು ನಾನು ಬಿಡುವಿನ ವೇಳೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶ ಬಳಸಿ ಕಟ್ಟಿದೆ. ಇಂಥದೇ ಕೆಲಸಕ್ಕೆ ಕೈಹಾಕುವ ಬೇರೆ ವಾಚನಾಲಯದವರಿಗೆ ಉಪಯೋಗವಾಗಲಿ ಎಂದು, ಎಲ್ಲಿ ಏನು ತೊಡಕು ಬಂತು, ಅದನ್ನು ಹೇಗೆ ಬಿಡಿಸಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ನಿಯಮವನ್ನು ಹಾಕಿಕೊಂಡೆ. ಪುಸ್ತಕದ ಮುಖಪುಟದಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ ಪಟ್ಟಿಯಲ್ಲಿ ಉಳಿಯಬೇಕು, ಅದನ್ನು ಯಾವ ಕಾರಣಕ್ಕೂ ತಂತ್ರಾಂಶ ತಿದ್ದಬಾರದು. ಎರಡು ಹೆಸರುಗಳನ್ನು ಹೋಲಿಸುವುದಕ್ಕೆ ಮತ್ತು ಅಕಾರಾದಿಯಾಗಿ ಜೋಡಿಸುವುದಕ್ಕೆ ಬೇಕಾದ ರೂಪಗಳನ್ನು ಮೂಲದಿಂದ ಲೆಕ್ಕಹಾಕಿ ಬೇರೆ ಕಾಲಮ್ಮುಗಳಲ್ಲಿ ಇಡಬೇಕು. ಓದುಗನ ಕಣ್ಣಿಗೆ ಒಂದೇ ಆಗಿರುವ ಪದ ಕಂಪ್ಯೂಟರಿಗೆ ನಾಲ್ಕು ಬೇರೆ ಪದಗಳಾಗಿರಬಹುದು. ಈ ಅಂತರವನ್ನು ತುಂಬುವುದಕ್ಕೆ ಮೂಲವನ್ನು ತಿದ್ದುತ್ತಾ ಹೋದರೆ ಕೊನೆಗೆ ಪುಸ್ತಕದ ನಿಜವಾದ ಹೆಸರು ಏನಿತ್ತು ಎಂಬುದೇ ತಿಳಿಯದಂತಾಗುತ್ತದೆ. ಈ ನಿಯಮ ಮುಂದೆ ಪ್ರತಿಯೊಂದು ಹಂತದಲ್ಲಿಯೂ ಕೆಲಸಕ್ಕೆ ಬಂತು.

ನುಡಿಯಿಂದ ಯೂನಿಕೋಡಿಗೆ

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳು ಪಾಶ್ಚಾತ್ಯ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. 'ಕನ್ನಡ' ಎಂಬ ಪದವನ್ನು ಬೇರೆ ಅಕ್ಷರಶೈಲಿಯಲ್ಲಿ ತೆರೆದು ನೋಡಿದರೆ ಅದು ಏಳು ಸಂಕೇತಗಳ ಸಾಲು: ದೊಡ್ಡ 'ಪಿ' ಇದ್ದಲ್ಲಿ ತಲಕಟ್ಟಿಲ್ಲದ 'ಕ', ಪೌಂಡ್ ನಾಣ್ಯದ ಗುರುತು ಇದ್ದಲ್ಲಿ ತಲಕಟ್ಟಿಲ್ಲದ 'ನ', ಜರ್ಮನ್ ಭಾಷೆಯ ವಿಶೇಷ 'ಎಸ್' ಇದ್ದಲ್ಲಿ ನಕಾರದ ಒತ್ತು, ಚಿಕ್ಕ 'ಕ್ಯೂ' ಇದ್ದಲ್ಲಿ 'ಡ', ನಡುನಡುವೆ ಮೂರು ಸಲ ತಲಕಟ್ಟು. ಇದನ್ನು ಯೂನಿಕೋಡಿನ ಐದು ಸಂಕೇತಗಳಾಗಿ ಬದಲಿಸುವುದೆಂದರೆ ಬರಿಯ ಪಟ್ಟಿ ನೋಡಿ ಅಕ್ಷರಕ್ಕೆ ಅಕ್ಷರ ಇಡುವ ಕೆಲಸವಲ್ಲ, ಏಕೆಂದರೆ ನುಡಿ ಕಣ್ಣಿಗೆ ಕಾಣುವ ಆಕಾರದ ಕ್ರಮವನ್ನು ಅನುಸರಿಸುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ.

ಅರ್ಕಾವತ್ತು ಇದಕ್ಕೆ ಒಳ್ಳೆಯ ಉದಾಹರಣೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರನ್ನು ನುಡಿಯಲ್ಲಿ ಬರೆದಾಗ ಮೊದಲು 'ಪಾ', ಆಮೇಲೆ 'ತಿ', ಅದರ ಬಲಕ್ಕೆ ಅರ್ಕಾವತ್ತು ಬರುತ್ತದೆ. ಯೂನಿಕೋಡಿನಲ್ಲಿ ರಕಾರ ಮತ್ತು ವಿರಾಮ (ಅರ್ಧಾಕ್ಷರದ ಗುರುತು) 'ತಿ'ಗಿಂತ ಮೊದಲು ಬರಬೇಕು. ಆದುದರಿಂದ ಅರ್ಕಾವತ್ತು ಕಂಡ ಕೂಡಲೇ ಹಿಂದಕ್ಕೆ ಹೋಗಿ, ಆ ಅಕ್ಷರದ ಗುಣಿತ, ಒತ್ತು ಎಲ್ಲವನ್ನೂ ದಾಟಿ, ಮೂಲ ವ್ಯಂಜನದ ಎಡಕ್ಕೆ 'ರ್' ಇಡಬೇಕು. 'ಅರ್ಘ್ಯ'ದಲ್ಲಿರುವಂತೆ ಒತ್ತೂ ಇದ್ದರೆ ಒಂದೇ ಹೆಜ್ಜೆ ಹಿಂದೆ ಸರಿದರೆ ಸಾಲದು, ಅಕ್ಷರದ ಆರಂಭ ಎಲ್ಲಿದೆ ಎಂದು ಹುಡುಕಲೇಬೇಕು. ಗುಣಿತ ಮತ್ತು ಒತ್ತಿನ ನಡುವೆಯೂ ಇಂಥದೇ ಅದಲುಬದಲು ಇದೆ. 'ಪ್ರೀತಿ'ಯ ಮೊದಲ ಅಕ್ಷರ ನುಡಿಯಲ್ಲಿ 'ಪಿ', ರಕಾರದ ಒತ್ತು, ದೀರ್ಘ ಎಂಬ ಕ್ರಮದಲ್ಲಿದ್ದರೆ ಯೂನಿಕೋಡಿಗೆ ಪಕಾರ, ವಿರಾಮ, ರಕಾರ, ಅದರ ನಂತರವೇ ದೀರ್ಘ ಗುಡಿಸು ಬೇಕು.

ಈ ಹಂತದಲ್ಲಿ ನನಗೆ ತುಂಬ ಸಂತೋಷ ಕೊಟ್ಟ ಸಂಗತಿಯೊಂದಿದೆ. ನುಡಿಯಲ್ಲಿ 'ಕೋ' ಎಂಬುದು ಎತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ತುಂಡುಗಳಾಗಿ ಬರುತ್ತದೆ. ಯೂನಿಕೋಡಿನ ಪ್ರಮಾಣಿತ ವಿಘಟನೆಯೂ ಇದೇ ತುಂಡುಗಳನ್ನು ಒಪ್ಪುತ್ತದೆ: ಎತ್ವದ ಸಂಖ್ಯೆ 3270, ಕೊಂಬಿನ ಇಳಿಯ ಸಂಖ್ಯೆ 3266, ಇವು ಪಕ್ಕಪಕ್ಕ ಬಂದರೆ 3274 ಎಂಬ ಒತ್ವ, ಅದರ ಮುಂದೆ 3285 ಎಂಬ ದೀರ್ಘದ ಗುರುತು ಬಂದರೆ 3275 ಎಂಬ ಓತ್ವ. ಗುಡಿಸಿನ ದೀರ್ಘ, ಏತ್ವ, ಐತ್ವಗಳಿಗೂ ಇದೇ ವ್ಯವಸ್ಥೆ ಇದೆ. ಹೀಗಾಗಿ ನುಡಿಯ ತುಂಡುಗಳನ್ನು ಒಂದೊಂದಾಗಿ ಯೂನಿಕೋಡಿನ ತುಂಡುಗಳಿಗೆ ಹೊಂದಿಸಿ, ಒತ್ತುಗಳನ್ನು ಸ್ಥಳಾಂತರಿಸಿದ ಮೇಲೆ ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ಎನ್‌ಎಫ್‌ಸಿ ಸಾಮಾನ್ಯೀಕರಣವನ್ನು (ಬಿಡಿ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಕ್ರಿಯೆ) ಕರೆದರೆ ಸಾಕು, ದೀರ್ಘಗಳೆಲ್ಲ ತಾವಾಗಿ ಕೂಡಿಕೊಳ್ಳುತ್ತವೆ. ಇದರಿಂದ ದೊಡ್ಡದಾಗಿದ್ದ ಪಟ್ಟಿ ಬಹಳ ಚಿಕ್ಕದಾಯಿತು.

ಆದರೆ ಎಲ್ಲ ಅಕ್ಷರಗಳೂ ಇಷ್ಟು ಸುಲಭವಲ್ಲ. ಮಕಾರವನ್ನು ನುಡಿ 'ವ'ದ ಆಕಾರಕ್ಕೆ ಕೊಂಬು ಸೇರಿಸಿ ಬರೆಯುತ್ತದೆ, 'ವು'ವಿಗೆ ಬೇರೆಯೇ ಕೊಂಬನ್ನು ಇಟ್ಟುಕೊಂಡಿದೆ. ಯಕಾರ ದೊಡ್ಡ 'ಎ'ಯಿಂದ ಆರಂಭವಾಗುತ್ತದೆ, ಅದೇ ದೊಡ್ಡ 'ಎ' ಒಂಟಿಯಾಗಿ ಬಂದರೆ ಅನುಸ್ವಾರ. ಆದುದರಿಂದ ಪಟ್ಟಿಯಲ್ಲಿ ಉದ್ದದ ಸರಣಿಗಳನ್ನು ಮೊದಲು ಪರೀಕ್ಷಿಸಿ, ಸಿಗದಿದ್ದರೆ ಮಾತ್ರ ಗಿಡ್ಡ ಸರಣಿಗೆ ಬರುವಂತೆ ಮಾಡಿದೆ. ಮ, ಯ, ಝ ಈ ಮೂರರ ಗುಣಿತಾಕ್ಷರಗಳನ್ನು ಪೂರ್ತಿಯಾಗಿ ಕೈಯಿಂದಲೇ ಬರೆದೆ. ಇಲ್ಲಿ ಬುದ್ಧಿವಂತಿಕೆ ತೋರಿಸುವುದಕ್ಕಿಂತ ಬರೆದುಬಿಡುವುದೇ ಮೇಲು.

ಕಡತದಲ್ಲಿ ಕನ್ನಡದ ನಡುವೆ ಅಲ್ಲಲ್ಲಿ ನಿಜವಾದ ಇಂಗ್ಲಿಷ್ ಅಕ್ಷರಗಳೂ ಇದ್ದವು. ಸಂಕೇತಗಳನ್ನು ಮಾತ್ರ ನೋಡಿ ಇದು ಇಂಗ್ಲಿಷೋ ನುಡಿಯೋ ಎಂದು ಹೇಳಲು ಬರುವುದಿಲ್ಲ. ಅಕ್ಷರಶೈಲಿಯ ಹೆಸರೊಂದೇ ಅದನ್ನು ಹೇಳಬಲ್ಲದು. ವರ್ಡಿನ ಡಾಕ್ಸ್ ಕಡತವನ್ನು ಪೈಥಾನ್-ಡಾಕ್ಸ್ ಎಂಬ ಉಪಕರಣದ ಮೂಲಕ ಓದಿದರೆ ಒಂದೊಂದು ತುಣುಕಿಗೂ ಅಕ್ಷರಶೈಲಿಯ ಹೆಸರು ಸಿಗುತ್ತದೆ. ಆ ಹೆಸರು ಖಾಲಿ ಬಂದರೆ ಅಕ್ಷರಶೈಲಿ ಇಲ್ಲವೆಂದಲ್ಲ, ಅದು ಮೇಲಿನ ಸ್ಟೈಲಿನಿಂದ ಬಂದಿದೆ ಎಂದು ಅರ್ಥ. ಆಗ ಪ್ಯಾರಾದ ಸ್ಟೈಲನ್ನೂ ಅದರ ಮೂಲ ಸ್ಟೈಲನ್ನೂ ಹತ್ತಿ ಹೋಗಿ ನೋಡಬೇಕಾಗುತ್ತದೆ. ಪಠ್ಯವನ್ನು ಬರಿದೇ ನಕಲು ಮಾಡಿ ತಂದರೆ ಈ ಮಾಹಿತಿ ಕಳೆದುಹೋಗುವುದರಿಂದ ಯಾರಾದರೂ ಇಂಥ ಕಡತ ಕೊಟ್ಟರೆ ಮೂಲ ಕಡತವನ್ನೇ ಕೇಳಿ ಪಡೆಯಿರಿ.

ಪರಿವರ್ತನೆ ಆದ ಮೇಲೆ ಒಂದು ವಿಚಿತ್ರ ಕಾಣಿಸಿತು. ಲೇಖಕರ ಹೆಸರಿನ ಮುಂದಿನ 'ಡಾ.' ಎಂಬುದು ಅನೇಕ ಸಾಲುಗಳಲ್ಲಿ 'ಕಿ'ಗೆ ಇನ್ನೊಂದು ಇಳಿ ಅಂಟಿಕೊಂಡ, ಓದಲಾಗದ ಅಕ್ಷರವಾಗಿತ್ತು. ಸಂಕೇತಗಳನ್ನು ಒಂದೊಂದಾಗಿ ಮುದ್ರಿಸಿ ನೋಡಿದಾಗ ಕಾರಣ ಸಿಕ್ಕಿತು. 'ಡ'ಕಾರದ ಆಕಾರ ಚಿಕ್ಕ 'ಕ್ಯೂ'ನಲ್ಲಿದೆ, 'ಕಿ' ದೊಡ್ಡ 'ಕ್ಯೂ'ನಲ್ಲಿದೆ. ಟೈಪು ಮಾಡುವಾಗ ಬಳಸಿದ ಪದಸಂಸ್ಕಾರಕವು ಸಾಲಿನ ಮೊದಲ ಅಕ್ಷರವನ್ನು ಇಂಗ್ಲಿಷಿನದೆಂದು ತಿಳಿದು ದೊಡ್ಡದು ಮಾಡಿತ್ತು. 'ಡಾ.' ಯಾವಾಗಲೂ ಹೆಸರಿನ ಮೊದಲೇ ಬರುವುದರಿಂದ ಏಟು ಅದಕ್ಕೇ ಹೆಚ್ಚು ಬಿದ್ದಿತ್ತು. ಇಂಥವನ್ನು ಕಣ್ಣಿನಿಂದ ಹುಡುಕುತ್ತಾ ಕೂರುವುದು ಸಾಧ್ಯವಿಲ್ಲವೆಂದು, ಕನ್ನಡದ ಅಕ್ಷರವೊಂದು ಹೇಗಿರಬಹುದು ಎಂಬ ವ್ಯಾಕರಣವನ್ನೇ ಪಠ್ಯದ ಮಾದರಿ ಹೇಳುವ ಸೂತ್ರವಾಗಿ, ಅಂದರೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಾಗಿ ಬರೆದೆ: ಸ್ವರ, ಇಲ್ಲವೇ ವ್ಯಂಜನ, ಅದರ ಮುಂದೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟು ಬೇಕಾದರೂ, ಆಮೇಲೆ ಹೆಚ್ಚೆಂದರೆ ಒಂದು ಗುಣಿತ ಅಥವಾ ಕೊನೆಯ ವಿರಾಮ, ಆಮೇಲೆ ಹೆಚ್ಚೆಂದರೆ ಒಂದು ಅನುಸ್ವಾರ ಅಥವಾ ವಿಸರ್ಗ. ಈ ವ್ಯಾಕರಣಕ್ಕೆ ಒಗ್ಗದ ಸಾಲುಗಳನ್ನು ತಂತ್ರಾಂಶ ತಾನಾಗಿ ತಿದ್ದುವುದಿಲ್ಲ, ಬೇರೆ ಹಾಳೆಗೆ ತೆಗೆದಿಡುತ್ತದೆ. ವಾಚನಾಲಯದ ಟೀಚರು ಪುಸ್ತಕವನ್ನೇ ಕೈಗೆ ತೆಗೆದುಕೊಂಡು ಅವುಗಳನ್ನು ಸರಿಪಡಿಸಿದರು.

ಇದೇ ಎಕ್ಸ್‌ಪ್ರೆಶನ್ ಬೇರೆ ಕಡೆಯೂ ನೆರವಾಯಿತು. ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ ಲೇಖಕರ ಹೆಸರಿನ ಮೊದಲ ಅಕ್ಷರ ಬೇಕು. 'ಶ್ರೀ' ಎಂಬುದರ ಮೊದಲ ಸಂಕೇತವನ್ನು ಮಾತ್ರ ತೆಗೆದುಕೊಂಡರೆ ಚೀಟಿಯಲ್ಲಿ 'ಶ' ಎಂದಷ್ಟೇ ಬರುತ್ತದೆ; ಅಕ್ಷರದ ವ್ಯಾಕರಣಕ್ಕೆ ಸರಿಯಾಗಿ ಕತ್ತರಿಸಿದರೆ 'ಶ್ರೀ' ಇಡಿಯಾಗಿ ಬರುತ್ತದೆ.

ಅಕಾರಾದಿ

ಪೈಥಾನಿಗೆ ಕನ್ನಡ ಪದಗಳ ಪಟ್ಟಿ ಕೊಟ್ಟು ಜೋಡಿಸೆಂದರೆ ಅದು ಯೂನಿಕೋಡಿನ ಸಂಖ್ಯೆಗಳನ್ನು ಹೋಲಿಸುತ್ತದೆ. ಕನ್ನಡದ ವಿಭಾಗ 3200ರಿಂದ 3327ರ ವರೆಗೆ ಇದೆ, ಅದರೊಳಗಿನ ಕ್ರಮ ಹೆಚ್ಚುಕಡಿಮೆ ವರ್ಣಮಾಲೆಯದೇ ಆಗಿರುವುದರಿಂದ ಫಲಿತಾಂಶ ಮೊದಲ ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ವ್ಯಂಜನಗಳ ಸಂಖ್ಯೆ ಗುಣಿತದ ಗುರುತುಗಳಿಗಿಂತ ಕಡಿಮೆ ಇರುವುದರಿಂದ 'ಕಮಲ' ಎಂಬುದು 'ಕಾಡು'ವಿಗಿಂತ ಮೊದಲು ಬರುತ್ತದೆ. ವಿರಾಮದ ಸಂಖ್ಯೆ ಎಲ್ಲ ಗುಣಿತಗಳನ್ನೂ ದಾಟಿ 3277 ಆಗಿರುವುದರಿಂದ 'ಕ್ರಮ' ಎಂಬುದು 'ಕೌ' ಆದ ಮೇಲೆ ಬರುತ್ತದೆ. ಅನುಸ್ವಾರದ ಸಂಖ್ಯೆ 3202, ಹಾಗಾಗಿ 'ಕಂ' ಆಯಾ ಅಕ್ಷರದ ಆರಂಭದಲ್ಲೇ ನಿಲ್ಲುತ್ತದೆ. ನಮ್ಮ ಹಳೆಯ ರಿಜಿಸ್ಟರನ್ನು ಬರೆದವರೂ ಇದೇ ಪದ್ಧತಿಯನ್ನು ಅನುಸರಿಸಿದ್ದರಿಂದ ಅದನ್ನು ಹಾಗೆಯೇ ಬಿಟ್ಟೆ.

ಕೆಡುವುದು ಳಕಾರದಲ್ಲಿ. ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ 'ಳ' ಯೂನಿಕೋಡಿನಲ್ಲಿ ಲಕಾರದ ಪಕ್ಕದಲ್ಲಿ 3251ರಲ್ಲಿದೆ. ಯಾವ ಪುಸ್ತಕದ ಹೆಸರೂ ಳಕಾರದಿಂದ ಆರಂಭವಾಗುವುದಿಲ್ಲವಾದ್ದರಿಂದ ಇದು ಬೇಗ ಗಮನಕ್ಕೆ ಬರುವುದಿಲ್ಲ, ಎರಡನೆಯ ಅಕ್ಷರದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ: 'ಬಳ್ಳಿ' ಎಂಬುದು 'ಬಸವ'ನಿಗಿಂತ ಮೊದಲು, 'ಕಳಸ' ಎಂಬುದು 'ಕವಿತೆ'ಗಿಂತ ಮೊದಲು ಬಂದುಬಿಡುತ್ತದೆ. ನಿಘಂಟು ನೋಡಿ ಅಭ್ಯಾಸವಾದವರು ಕಪಾಟಿನ ತಪ್ಪು ಕಡೆಯಲ್ಲಿ ಹುಡುಕುತ್ತಾರೆ. ಇದನ್ನು ಸರಿಪಡಿಸಲು ಭಾಷೆಗಳ ಅಕಾರಾದಿ ಕ್ರಮ ಬಲ್ಲ ಐಸಿಯುವಿನಂಥ ದೊಡ್ಡ ತಂತ್ರಾಂಶವನ್ನು ಸೇರಿಸಬಹುದಿತ್ತು. ಆದರೆ ಮುಂದೆ ಈ ಕೆಲಸವನ್ನು ವಹಿಸಿಕೊಳ್ಳುವವರಿಗೆ ಒಂದೇ ಪುಟದಲ್ಲಿ ಅರ್ಥವಾಗಬೇಕೆಂಬ ಕಾರಣಕ್ಕೆ ಚಿಕ್ಕ ದಾರಿಯನ್ನು ಆರಿಸಿದೆ. ಹಕಾರದ ಸಂಖ್ಯೆ 3257. ಅದರ ಮುಂದಿನ 3258 ಮತ್ತು 3259 ಎರಡೂ ಕನ್ನಡ ವಿಭಾಗದಲ್ಲಿ ಖಾಲಿ ಇವೆ. ಜೋಡಣೆಯ ರೂಪದಲ್ಲಿ ಮಾತ್ರ ಳಕಾರವನ್ನು 3258ಕ್ಕೂ ಹಳಗನ್ನಡದ ೞಕಾರವನ್ನು 3294ರಿಂದ 3259ಕ್ಕೂ ವರ್ಗಾಯಿಸಿದೆ. ಕಣ್ಣಿಗೆ ಕಾಣುವ ಹೆಸರಿನಲ್ಲಿ ಯಾವ ಬದಲಾವಣೆಯೂ ಇಲ್ಲ, ಕ್ರಮ ಮಾತ್ರ ಸರಿಯಾಯಿತು.

ಹುಡುಕಾಟ ಪದಗಳನ್ನು ತುಂಡರಿಸುತ್ತಿದ್ದುದು

ಎಸ್‌ಕ್ಯೂಲೈಟಿನ ಎಫ್‌ಟಿಎಸ್5 ಎಂಬ ಪೂರ್ಣಪಠ್ಯ ಹುಡುಕಾಟವನ್ನು ಜೋಡಿಸಿ 'ಕಾಸರಗೋಡು' ಎಂದು ಕೊಟ್ಟಾಗ ಸಂಬಂಧವೇ ಇಲ್ಲದ ಪುಸ್ತಕಗಳೂ ಬಂದವು. ಒಳಗಿನ ಪದಪಟ್ಟಿಯನ್ನು ತೆಗೆದು ನೋಡಿದರೆ ಅಲ್ಲಿ 'ಕಾಸರಗೋಡು' ಎಂಬ ಪದವೇ ಇರಲಿಲ್ಲ. 'ಕ', 'ಸರಗ', 'ಡ' ಎಂಬ ಮೂರು ಚೂರುಗಳಿದ್ದವು. ಕಾರಣ ಹೀಗಿದೆ. ಯೂನಿಕೋಡ್61 ಎಂಬ ಪದವಿಭಾಜಕವು (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ತಾನಾಗಿ ಅಕ್ಷರ ಮತ್ತು ಅಂಕಿಗಳ ವರ್ಗಕ್ಕೆ ಸೇರಿದವುಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ಕನ್ನಡದ ಗುಣಿತದ ಗುರುತುಗಳೂ ವಿರಾಮವೂ ಅನುಸ್ವಾರವೂ ಯೂನಿಕೋಡಿನ ವರ್ಗೀಕರಣದಲ್ಲಿ ಅಕ್ಷರಗಳಲ್ಲ, 'ಗುರುತು'ಗಳು. ಆದುದರಿಂದ ಅವು ಬಂದಲ್ಲೆಲ್ಲ ಪದ ಮುರಿಯುತ್ತದೆ. ಇದಕ್ಕೆ ಪರಿಹಾರ ಆ ವಿಭಾಜಕದಲ್ಲಿಯೇ ಇದೆ: ಕೋಷ್ಟಕವನ್ನು ರಚಿಸುವಾಗ ಅದರ ಕೆಟಗರೀಸ್ ಎಂಬ ಆಯ್ಕೆಯಲ್ಲಿ ಎಮ್‌ಎನ್ ಮತ್ತು ಎಮ್‌ಸಿ ಎಂಬ, ಗುರುತುಗಳ ಎರಡು ವರ್ಗಗಳನ್ನೂ ಸೇರಿಸಬೇಕು. ಎರಡೂ ಬೇಕು, ಒಂದು ಸಾಲದು. ಏಕೆಂದರೆ ಇಳಿ ಮತ್ತು ಅನುಸ್ವಾರ ಒಂದು ವರ್ಗದಲ್ಲಿವೆ, ಗುಡಿಸು, ಎತ್ವ ಮತ್ತು ವಿರಾಮ ಇನ್ನೊಂದರಲ್ಲಿವೆ.

ಪೈಥಾನಿನಲ್ಲಿಯೂ ಇದೇ ಎಚ್ಚರ ಬೇಕು. ಪದದ ಅಕ್ಷರ ಎಂಬ ಅರ್ಥದ ಬ್ಯಾಕ್‌ಸ್ಲಾಶ್-ಡಬ್ಲ್ಯು ಗುರುತನ್ನು ಬಳಸಿ 'ಕನ್ನಡ' ಎಂಬ ಪದವನ್ನು ಬಿಡಿಸಿದರೆ 'ಕನ' ಮತ್ತು 'ನಡ' ಎಂಬ ಎರಡು ಪದಗಳು ಸಿಗುತ್ತವೆ. ಆ ಗುರುತಿನ ಬದಲು ಕನ್ನಡ ವಿಭಾಗದ ಸಂಖ್ಯೆಗಳ ವ್ಯಾಪ್ತಿಯನ್ನೇ ಬರೆದುಕೊಟ್ಟರೆ ತೊಂದರೆ ಇಲ್ಲ.

ಇನ್ನು ಒಂದೇ ಪದದ ಹಲವು ರೂಪಗಳ ಮಾತು. ಮೊಬೈಲಿನಲ್ಲಿ ಬರೆದು ಕಳುಹಿಸಿದ ಸಾಲುಗಳಲ್ಲಿ 'ಕುವೆಂಪು' ಎರಡು ಬಗೆಯಲ್ಲಿತ್ತು: ಒಂದರಲ್ಲಿ ಅನುಸ್ವಾರ, ಇನ್ನೊಂದರಲ್ಲಿ ಅದರ ಜಾಗದಲ್ಲಿ ಕನ್ನಡದ ಸೊನ್ನೆ. ತೆರೆಯ ಮೇಲೆ ಇವೆರಡನ್ನು ಬೇರ್ಪಡಿಸುವುದು ಕಷ್ಟ, ಆದರೆ ಒಂದರ ಸಂಖ್ಯೆ 3202, ಇನ್ನೊಂದರದು 3302. ಕನ್ನಡ ಅಕ್ಷರದ ಬೆನ್ನಿಗೆ ಬಂದ, ಪಕ್ಕದಲ್ಲಿ ಬೇರೆ ಅಂಕಿ ಇಲ್ಲದ ಸೊನ್ನೆಯನ್ನು ಹುಡುಕಾಟದ ರೂಪದಲ್ಲಿ ಅನುಸ್ವಾರವೆಂದು ತಿಳಿಯಲಾಗುತ್ತದೆ. 'ರಾಜ್‌ಕುಮಾರ್' ಎಂಬುದರಲ್ಲಿ ಜಕಾರಕ್ಕೂ ಕಕಾರಕ್ಕೂ ನಡುವೆ ಕಣ್ಣಿಗೆ ಕಾಣದ 8204 ಎಂಬ ಸಂಕೇತವಿರುತ್ತದೆ, ಕೆಲವರು ಅದನ್ನು ಹಾಕುವುದಿಲ್ಲ. ರಕಾರಕ್ಕೆ ಯಕಾರದ ಒತ್ತು ಕೊಡುವಾಗ 8205 ಬರುತ್ತದೆ. ಹುಡುಕಾಟದ ರೂಪದಲ್ಲಿ ಇವೆರಡನ್ನೂ ತೆಗೆದುಹಾಕಿದೆ. ತೆಗೆಯದಿದ್ದರೆ ಪದವಿಭಾಜಕ ಅಲ್ಲಿಯೂ ಪದವನ್ನು ಮುರಿಯುತ್ತದೆ.

ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರು ನಮ್ಮ ಪಟ್ಟಿಯ ನಿಜವಾದ ಪರೀಕ್ಷೆ. 1915ರಿಂದ 2015ರ ವರೆಗೆ ನೂರು ವರ್ಷ ಬದುಕಿ ಕಾಸರಗೋಡಿನ ಕನ್ನಡಕ್ಕಾಗಿ ದುಡಿದ ಅವರ ಪುಸ್ತಕಗಳು ಇಲ್ಲಿನ ವಾಚನಾಲಯದಲ್ಲಿ ಸಿಗದಿದ್ದರೆ ಈ ತಂತ್ರಾಂಶ ಇದ್ದೂ ಪ್ರಯೋಜನವಿಲ್ಲ. ಅವರ ಹೆಸರನ್ನು ನಮ್ಮ ಕಡತಗಳಲ್ಲಿಯೇ ಕಿಞ್ಞಣ್ಣ, ಕಿಂಞಣ್ಣ, ಕಿಞಣ್ಣ ಎಂದೆಲ್ಲ ಬರೆದಿದ್ದರು. ಇದಕ್ಕಾಗಿ ಎರಡು ನಿಯಮಗಳನ್ನು ಮಾಡಿದೆ. ಅನುನಾಸಿಕವು ತನ್ನದೇ ವರ್ಗದ ವ್ಯಂಜನದ ಹಿಂದೆ ಅರ್ಧಾಕ್ಷರವಾಗಿ ಬಂದರೆ ಅದನ್ನು ಅನುಸ್ವಾರವಾಗಿಸುವುದು. ಞಕಾರದ ಹಿಂದೆ ಅನುಸ್ವಾರ ಉಳಿದರೆ ಅದನ್ನು ಬಿಡುವುದು. ಮೊದಲ ನಿಯಮದಿಂದ 'ಅಮ್ಮ' ಎಂಬುದು ಒಳಗೊಳಗೆ 'ಅಂಮ' ಆಗುತ್ತದೆ. ಪಟ್ಟಿಯ ಹೆಸರಿಗೂ ಓದುಗರು ಕೊಟ್ಟ ಪದಕ್ಕೂ ಒಂದೇ ನಿಯಮ ನಡೆಯುವುದರಿಂದ ಅದರಿಂದ ಕೆಡುಕಿಲ್ಲ, ಯಾರೂ ಆ ರೂಪವನ್ನು ನೋಡುವುದೂ ಇಲ್ಲ. ಹಳೆಯ ಮುದ್ರಣಗಳಲ್ಲಿ ಅರ್ಕಾವತ್ತಿನ ಕೆಳಗೆ ದ್ವಿತ್ವ ಬರುವ 'ಧರ್ಮ್ಮ' ಮೊದಲಾದವುಗಳಿಗೂ ಹೀಗೆಯೇ ದ್ವಿತ್ವವನ್ನು ಒಂದಾಗಿಸುವ ನಿಯಮವಿದೆ.

ಪದದ ಕೊನೆಯ ನಿಯಮ ಇದಕ್ಕಿಂತಲೂ ಹೆಚ್ಚು ಫಲ ಕೊಟ್ಟಿತು. ನಮ್ಮಲ್ಲಿ 'ಕಾಸರಗೋಡ್' ಎಂದೂ 'ಕಾಸರಗೋಡು' ಎಂದೂ ಬರೆಯುವವರಿದ್ದಾರೆ. ಹುಡುಕಾಟದ ರೂಪದಲ್ಲಿ ಪದಾಂತ್ಯದ ವಿರಾಮವನ್ನೂ ಕೊಂಬನ್ನೂ ಬಿಟ್ಟುಬಿಟ್ಟರೆ ಎರಡೂ 'ಕಾಸರಗೋಡ' ಎಂದಾಗುತ್ತವೆ. ಕನ್ನಡದಲ್ಲಿ ವಿಭಕ್ತಿಪ್ರತ್ಯಯ ಸೇರುವಾಗ ಲೋಪಸಂಧಿಯಿಂದ ಬಿದ್ದುಹೋಗುವುದೂ ಇದೇ ಉಕಾರ. ಆದುದರಿಂದ ಪದದ ಆರಂಭ ಹೊಂದಿದರೆ ಸಾಕೆಂಬ ಹುಡುಕಾಟದಲ್ಲಿ 'ಕಾಸರಗೋಡು' ಎಂದು ಕೊಟ್ಟವರಿಗೆ 'ಕಾಸರಗೋಡಿನ' ಎಂದು ಆರಂಭವಾಗುವ ಹೆಸರುಗಳೂ ಸಿಗುತ್ತವೆ. ವಿಭಕ್ತಿಗಳನ್ನು ಬಿಡಿಸುವ ತಂತ್ರಾಂಶ ಬರೆಯಬೇಕಾದೀತು ಎಂದುಕೊಂಡಿದ್ದ ಕೆಲಸ ಇಷ್ಟರಲ್ಲೇ ಬಹುಮಟ್ಟಿಗೆ ಮುಗಿಯಿತು.

ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಮಾತ್ರ ಗಟ್ಟಿಯಾಗಿರಬೇಕು. ಮಕ್ಕಳು ಲಕಾರ ಳಕಾರಗಳನ್ನು ಅದಲುಬದಲು ಮಾಡಿ ಬರೆಯುತ್ತಾರೆ, ಅವೆರಡನ್ನೂ ಒಂದಾಗಿಸಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. 'ಹಳ್ಳಿ' ಹುಡುಕಿದವರಿಗೆ 'ಹಲ್ಲಿ', 'ಕಲೆ' ಹುಡುಕಿದವರಿಗೆ 'ಕಳೆ' ಬಂದರೆ ಅದು ಹುಡುಕಾಟವಲ್ಲ. ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಶ, ಷ, ಸಗಳನ್ನೂ ಒಂದಾಗಿಸುವ ಇನ್ನೊಂದು ರೂಪವನ್ನು ಬೇರೆ ಕಾಲಮ್ಮಿನಲ್ಲಿಟ್ಟು, ಮೊದಲ ಹಂತದಲ್ಲಿ ಏನೂ ಸಿಗದಿದ್ದಾಗ ಮಾತ್ರ ಅದನ್ನು ಬಳಸುವಂತೆ ಮಾಡಿದೆ. ಹೊಂದಬೇಕಾದ ಜೋಡಿಗಳು, ಹೊಂದಕೂಡದ ಜೋಡಿಗಳು ಎಂದು ಎರಡು ಪಟ್ಟಿಗಳಿವೆ. ಒಂದು ನಿಯಮವನ್ನು ಬದಲಿಸಿದಾಗಲೆಲ್ಲ ಎರಡೂ ಪಟ್ಟಿಗಳು ಪರೀಕ್ಷೆಗೆ ಒಳಗಾಗುತ್ತವೆ. ಹೊಂದಕೂಡದ ಜೋಡಿಗಳ ಪಟ್ಟಿಯೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಮಲಯಾಳ ಲಿಪಿಯಲ್ಲಿ ಕೇಳಿದರೆ

ಇಷ್ಟಾದ ಮೇಲೆ ಟೀಚರು ಒಂದು ದಿನ, "ಕುಂಬಳೆ ಎಂದು ಮಲಯಾಳದಲ್ಲಿ ಬರೆದರೆ ಒಂದೂ ಬರುವುದಿಲ್ಲವಲ್ಲ ಮಾರಾಯ, ಮಕ್ಕಳೆಲ್ಲ ಹಾಗೆಯೇ ಬರೆಯುವುದು" ಎಂದರು. ಮಲಯಾಳ ಮಾಧ್ಯಮದಲ್ಲಿ ಓದುವ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಮಕ್ಕಳ ಮೊಬೈಲಿನಲ್ಲಿ ಮಲಯಾಳ ಕೀಲಿಮಣೆ ಮಾತ್ರ ಇರುತ್ತದೆ. ಅವರು ಕನ್ನಡ ಪುಸ್ತಕ ಕೇಳುವುದೇ ದೊಡ್ಡದು. ಲಿಪಿಯ ಕಾರಣಕ್ಕೆ ಅವರನ್ನು ಬರಿಗೈಯಲ್ಲಿ ಕಳುಹಿಸಕೂಡದು.

ಇಲ್ಲಿ ಯೂನಿಕೋಡಿನ ರಚನೆ ನಮಗೆ ಅನುಕೂಲವಾಗಿದೆ. ಭಾರತೀಯ ಲಿಪಿಗಳ ವಿಭಾಗಗಳನ್ನು ಭಾರತೀಯ ಲಿಪಿಗಳಿಗೆ ಸಂಕೇತ ಕೊಡುವ 1988ರ ಇಸ್ಕಿ ಮಾನಕದ ಮಾದರಿಯಲ್ಲಿ ಸಮಾನಾಂತರವಾಗಿ ಜೋಡಿಸಲಾಗಿದೆ. ಕನ್ನಡ ವಿಭಾಗ 3200ರಿಂದ, ಮಲಯಾಳ ವಿಭಾಗ 3328ರಿಂದ ಆರಂಭವಾಗುತ್ತವೆ. ಕನ್ನಡದ ಕಕಾರ 3221, ಮಲಯಾಳದ್ದು 3349. ಮಲಯಾಳದ ಸಂಖ್ಯೆಯಿಂದ 128 ಕಳೆದರೆ ಕನ್ನಡದ ಅಕ್ಷರ ಬರುತ್ತದೆ. ಹೊಂದದವು ಕೆಲವೇ. 2008ರ ಯೂನಿಕೋಡ್ 5.1ರಲ್ಲಿ ಸೇರಿದ ಚಿಲ್ಲಕ್ಷರಗಳು (ಸ್ವರವಿಲ್ಲದ ವ್ಯಂಜನದ ಅಕ್ಷರಗಳು) 3450ರಿಂದ 3455ರ ವರೆಗೆ ಇವೆ, ಅವಕ್ಕೆ ವ್ಯಂಜನ ಮತ್ತು ವಿರಾಮ ಬರೆಯಬೇಕು. ಅದಕ್ಕಿಂತ ಹಿಂದಿನ ಪದ್ಧತಿಯಲ್ಲಿ ಚಿಲ್ಲನ್ನು ವ್ಯಂಜನ, ವಿರಾಮ, 8205 ಎಂದು ಬರೆಯುತ್ತಿದ್ದರು. ಆ ಕಾಣದ ಸಂಕೇತವನ್ನು ಮೊದಲೇ ತೆಗೆದುಹಾಕಿರುವುದರಿಂದ ಹಳೆಯದೂ ಹೊಸದೂ ಒಂದೇ ಆಗುತ್ತವೆ. ಮಲಯಾಳದ ೞಕಾರದಿಂದ 128 ಕಳೆದರೆ ಕನ್ನಡದಲ್ಲಿ ಖಾಲಿ ಇರುವ 3252 ಸಿಗುತ್ತದೆ, ಅದನ್ನು ಳಕಾರಕ್ಕೆ ತಿರುಗಿಸಿದೆ. ಈಗಿನ ಮಲಯಾಳದಲ್ಲಿ ಔತ್ವಕ್ಕೆ ಬಳಸುವ 3415 ಕೂಡ ಕನ್ನಡದ ಖಾಲಿ ಜಾಗಕ್ಕೆ ಬೀಳುತ್ತದೆ, ಅದಕ್ಕೆ ನಮ್ಮ 3276ನ್ನು ಕೊಡಬೇಕು. ಱಕಾರವನ್ನು ರಕಾರವಾಗಿಸಿದೆ.

ಲಿಪಿ ಬದಲಾದರೂ ಕಾಗುಣಿತ ಬದಲಾಗುವುದಿಲ್ಲ ಎಂಬುದು ಮುಂದಿನ ತೊಡಕು. ಕುಂಬಳೆಯನ್ನು ಮಲಯಾಳದಲ್ಲಿ 'ಕುಮ್ಪಳ' ಎಂದೂ ಮಂಜೇಶ್ವರವನ್ನು 'ಮಞ್ಚೇಶ್ವರಂ' ಎಂದೂ ಬರೆಯುತ್ತಾರೆ, ಏಕೆಂದರೆ ಅನುನಾಸಿಕದ ನಂತರ ಬರುವ ಪಕಾರ ಚಕಾರಗಳನ್ನು ಅಲ್ಲಿ ಬಕಾರ ಜಕಾರಗಳಂತೆ ಓದುವ ರೂಢಿ ಇದೆ. ಸಂಸ್ಕೃತದಿಂದ ಬಂದ 'ಕಥೆ', 'ಭಾಷೆ', 'ಕವಿತೆ' ಎಂಬ ನಮ್ಮ ಎಕಾರಾಂತಗಳು ಅಲ್ಲಿ 'ಕಥ', 'ಭಾಷ', 'ಕವಿತ' ಎಂದು ಅಕಾರಾಂತವಾಗುತ್ತವೆ. 'ಪುಸ್ತಕ' ಎಂಬುದು 'ಪುಸ್ತಕಂ' ಆಗುತ್ತದೆ. ಇವು ಬಿಡಿಬಿಡಿಯಾದ ವ್ಯತ್ಯಾಸಗಳಲ್ಲ, ಕ್ರಮಬದ್ಧವಾದವು. ಹೀಗಾಗಿ ಒಂದೊಂದು ಹೆಸರಿಗೂ ಪಟ್ಟಿ ಮಾಡುವ ಬದಲು ನಿಯಮಗಳನ್ನೇ ಬರೆಯಬಹುದು. ಎರಡನೆಯ ಹಂತದ ರೂಪದಲ್ಲಿ ಅನುಸ್ವಾರದ ಮುಂದಿನ ಕ, ಚ, ಟ, ತ, ಪಗಳನ್ನು ಗ, ಜ, ಡ, ದ, ಬಗಳಾಗಿಸಿ, ಪದಾಂತ್ಯದ ಎತ್ವವನ್ನೂ ಅನುಸ್ವಾರವನ್ನೂ ಬಿಟ್ಟೆ. 'ಮಞ್ಚೇಶ್ವರಂ' ಮೊದಲು 'ಮಂಚೇಶ್ವರಂ' ಆಗಿ, ಕೊನೆಯ ಬಿಂದು ಬಿದ್ದು, ಚಕಾರ ಜಕಾರವಾಗಿ, ಕನ್ನಡದ 'ಮಂಜೇಶ್ವರ' ಎಂಬುದರ ರೂಪಕ್ಕೇ ಬಂದು ನಿಂತಿತು. 'ಕುಮ್ಪಳ' ಮತ್ತು 'ಕುಂಬಳೆ' ಎರಡೂ 'ಕುಂಬಳ' ಆದವು.

ಈ ಹಂತದಲ್ಲಿ ಬೇಡದ ಫಲಿತಾಂಶಗಳೂ ಬರುತ್ತವೆ. 'ಕಥ' ಎಂದು ಕೊಟ್ಟರೆ ಮಹಾಪ್ರಾಣ ಬಿಟ್ಟುಹೋಗಿ 'ಕತ' ಆಗುತ್ತದೆ, ಅದರಿಂದ 'ಕತ್ತಲೆ'ಯೂ ಹೊಂದುತ್ತದೆ. ಇಡೀ ಪದ ಹೊಂದಿದವುಗಳನ್ನು ಮೇಲೆಯೂ ಆರಂಭ ಮಾತ್ರ ಹೊಂದಿದವುಗಳನ್ನು ಕೆಳಗೆಯೂ ತೋರಿಸುವುದರಿಂದ ಇದು ಬಾಧಕವಾಗಿಲ್ಲ. ಪುಸ್ತಕ ಸಿಗದಿರುವುದಕ್ಕಿಂತ ಒಂದೆರಡು ಸಾಲು ಹೆಚ್ಚಾಗಿ ಬರುವುದು ಲೇಸು.

ನಿಯಮಕ್ಕೆ ಸಿಗದ ಊರುಗಳಿಗೆ ಪರ್ಯಾಯನಾಮಗಳ ಕೋಷ್ಟಕವೊಂದಿದೆ. ಮಲಯಾಳದ 'ಕಾಸರ್ಕೋಟ್' ನಮ್ಮ ಕಾಸರಗೋಡಿಗೆ, 'ಬದಿಯಟುಕ್ಕ' ಬದಿಯಡ್ಕಕ್ಕೆ, 'ಮಂಗಲಾಪುರಂ' ಮಂಗಳೂರಿಗೆ ಯಾವ ನಿಯಮದಿಂದಲೂ ಹೊಂದುವುದಿಲ್ಲ. 'ಕಾಞ್ಞಙ್ಙಾಟ್' ಎಂದು ಕೇಳಿದವರಿಗೆ, ಕನ್ನಡದಲ್ಲಿ ಅದೇ ಊರಿಗೆ ಹೇಳುವ ಹೊಸದುರ್ಗದ ಪುಸ್ತಕವೂ ಬರಬೇಕು. ಲೇಖಕರಿಗೂ ಹೀಗೆಯೇ. ಎಂ. ಗೋವಿಂದ ಪೈ, ಗೋವಿಂದ ಪೈ ಎಂ., ಮಂಜೇಶ್ವರ ಗೋವಿಂದ ಪೈ ಎಂಬ ನಮೂದುಗಳೆಲ್ಲ ಒಬ್ಬರದೇ ಎಂದು ತಂತ್ರಾಂಶ ಊಹಿಸಬಾರದು, ತಿಳಿದವರು ಹೇಳಬೇಕು; ಅದಕ್ಕಾಗಿ ವ್ಯಕ್ತಿಗಳ ಕೋಷ್ಟಕವನ್ನು ಬೇರೆ ಮಾಡಿದೆ.

ಈಗ ಇದು ವಾಚನಾಲಯದ ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಉಪಕರಣದ ಮೂಲಕ ನಡೆಯುತ್ತಿದ್ದು, ಅಲ್ಲಿನ ವೈಫೈಗೆ ಸೇರಿದ ಯಾವ ಮೊಬೈಲಿನಿಂದಲೂ ಬಳಸಬಹುದು. ಇಡೀ ಪಟ್ಟಿ ಒಂದೇ ಕಡತವಾದ್ದರಿಂದ ಸಂಜೆ ಬಾಗಿಲು ಹಾಕುವಾಗ ಅದನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತಾರೆ. ಏನೂ ಸಿಗದೆ ಹೋದ ಹುಡುಕಾಟಗಳು, ಕೇಳಿದವರ ಗುರುತಿಲ್ಲದೆ, ಒಂದು ಪಟ್ಟಿಗೆ ಸೇರುತ್ತವೆ. ಟೀಚರು ವಾರಕ್ಕೊಮ್ಮೆ ಅದನ್ನು ನೋಡಿ ಪರ್ಯಾಯನಾಮಗಳನ್ನು ತಾವೇ ಸೇರಿಸುತ್ತಾರೆ. ಅದರಲ್ಲಿ ಈಗ ಹೆಚ್ಚಾಗಿ ಉಳಿದಿರುವುದು ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ಪುಸ್ತಕಗಳ ಹೆಸರುಗಳು. ತುಳುವಿನ ಪದಾಂತ್ಯದಲ್ಲಿ ಎರಡು ಬಗೆಯ ಎಕಾರಗಳಿವೆ, ಕನ್ನಡದ ಒಂದೇ ಎತ್ವ ಅವೆರಡನ್ನೂ ಹೇಳಲಾರದೆ ಲೇಖಕರು ಬೇರೆಬೇರೆ ಗುರುತುಗಳನ್ನು ಬಳಸಿದ್ದಾರೆ. ಆ ಗುರುತುಗಳು ಅಕ್ಷರದ ವ್ಯಾಕರಣದ ಪರೀಕ್ಷೆಯಲ್ಲಿಯೇ ತಡೆದು ನಿಲ್ಲುತ್ತಿವೆ. ಮುಂದಿನ ಕೆಲಸ ಅವುಗಳನ್ನು ಒಟ್ಟುಮಾಡಿ, ತುಳು ಬಲ್ಲ ಸದಸ್ಯರ ಜೊತೆ ಕುಳಿತು, ಆ ವ್ಯಾಕರಣಕ್ಕೆ ಸೇರಿಸುವುದು.